ಹ್ಯಾಲೋವೀನ್ ಹಿಂದಿನ ಸಂತರು: ಶಾಲೆಯಲ್ಲಿ ಸಕಲ ಸಂತರ ದಿನ ನಡೆಸುವುದು ಹೇಗೆ?

ಅಕ್ಟೋಬರ್ ಅರ್ಧ ದಾಟಿತೆಂದರೆ ಹಾಸನ, ಚಿಕ್ಕಮಗಳೂರು ಕಡೆಯ ಕಾನ್ವೆಂಟ್ ಶಾಲೆಗಳ ಶಿಕ್ಷಕರೂ ಭಾನುವಾರದ ಧರ್ಮೋಪದೇಶ ತರಗತಿ ನಡೆಸುವವರೂ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಮಕ್ಕಳು ಮೊಬೈಲಿನಲ್ಲಿ ನೋಡಿಕೊಂಡು ಬಂದು ‘ನಾವೂ ಹ್ಯಾಲೋವೀನ್ ಮಾಡೋಣ ಮಿಸ್’ ಅನ್ನುತ್ತಾರೆ. ಪೋಷಕರಲ್ಲಿ ಒಬ್ಬರು ಹೂಂ ಅಂದರೆ ಇನ್ನೊಬ್ಬರು ‘ದೆವ್ವದ ಹಬ್ಬ ಶಾಲೆಗೇಕೆ’ ಎಂದು ಆಡಳಿತ ಮಂಡಳಿಗೆ ಫೋನ್ ಮಾಡುತ್ತಾರೆ. ಮಾಡಬೇಕೋ ಬಿಡಬೇಕೋ? ಮಾಡುವುದಾದರೆ ಹೇಗೆ?

ನಮ್ಮ ಸಲಹೆ ನೇರವಾದದ್ದು. ರಕ್ತ ಬಳಿದುಕೊಂಡ ದೆವ್ವಗಳೂ ಬೇಡ, ನಿಷೇಧದ ಸುತ್ತೋಲೆಯೂ ಬೇಡ. ಈ ಹಬ್ಬದ ಬೇರಿನಲ್ಲೇ ಇರುವ ಸಂತರನ್ನು ಶಾಲೆಗೆ ಕರೆತನ್ನಿ. ಒಂದೊಂದು ಮಗುವಿಗೂ ಒಬ್ಬೊಬ್ಬ ಸಂತರ ಬದುಕು ಸರಿಯಾಗಿ ಗೊತ್ತಾದರೆ ಕಾರ್ಯಕ್ರಮ ಗೆದ್ದಂತೆ. ವೇಷ, ದೀಪ, ತಿಂಡಿ ಎಲ್ಲ ಅದಕ್ಕೆ ನೆಪ.

ಮೊದಲು ಇತಿಹಾಸ, ಪೋಷಕರಿಗೆ ಉತ್ತರಿಸಲು ಬೇಕಾಗುವಷ್ಟು

ಹ್ಯಾಲೋವೀನ್ ಎಂದರೆ ಸಕಲ ಸಂತರ ಹಬ್ಬದ ಹಿಂದಿನ ಸಂಜೆ, ಅಷ್ಟೇ. ನವೆಂಬರ್ 1 ಸಕಲ ಸಂತರ ಹಬ್ಬ, ನವೆಂಬರ್ 2 ಮೃತರೆಲ್ಲರ ಸ್ಮರಣೆಯ ದಿನ, ಅಕ್ಟೋಬರ್ 31 ಸಕಲ ಸಂತರ ಹಬ್ಬದ ಜಾಗರಣೆ. ಮೂರನ್ನೂ ಒಟ್ಟಿಗೆ ನೋಡದೆ ಅಕ್ಟೋಬರ್ 31ನ್ನು ಮಾತ್ರ ಕಿತ್ತು ಹಿಡಿದುಕೊಂಡದ್ದರಿಂದಲೇ ಇಷ್ಟು ಗೊಂದಲ.

ಆರಂಭದ ಕ್ರೈಸ್ತರು ನೆನೆಯುತ್ತಿದ್ದದ್ದು ಹುತಾತ್ಮರನ್ನು, ಅಂದರೆ ನಂಬಿಕೆಗಾಗಿ ಪ್ರಾಣ ಕೊಟ್ಟವರನ್ನು. ಒಬ್ಬೊಬ್ಬರಿಗೆ ಒಂದೊಂದು ದಿನ ಹಂಚಲಾಗದಷ್ಟು ಸಂಖ್ಯೆ ಬೆಳೆದಾಗ ಎಲ್ಲರಿಗೂ ಸೇರಿ ಒಂದು ದಿನ ಬೇಕಾಯಿತು. ಪೋಪ್ ನಾಲ್ಕನೇ ಬೋನಿಫೇಸ್ 609ರ ಸುಮಾರಿಗೆ, ಮೇ 13ರಂದು, ರೋಮಿನ ಪ್ಯಾಂಥಿಯನ್ ಎಂಬ ಹಳೆಯ ದೇಗುಲವನ್ನು ಮಾತೆ ಮರಿಯಮ್ಮನವರಿಗೂ ಸಕಲ ಹುತಾತ್ಮರಿಗೂ ಅರ್ಪಿಸಿದರು. 731ರಿಂದ 741ರವರೆಗೆ ಪೋಪ್ ಆಗಿದ್ದ ಮೂರನೇ ಗ್ರೆಗೊರಿ ಸಂತ ಪೇತ್ರರ ಮಹಾದೇವಾಲಯದೊಳಗೆ ಸಕಲ ಸಂತರ ಹೆಸರಿನಲ್ಲಿ ಒಂದು ಪ್ರಾರ್ಥನಾಲಯ ಮಾಡಿಸಿದರು. ನವೆಂಬರ್ 1ರ ದಿನಾಂಕ ಅದರೊಂದಿಗೆ ಬೆಸೆದುಕೊಂಡಿದೆ. 835ರಲ್ಲಿ, ನಾಲ್ಕನೇ ಗ್ರೆಗೊರಿಯವರ ಕಾಲಕ್ಕೆ, ಇಂದಿನ ಫ್ರಾನ್ಸ್, ಜರ್ಮನಿ ಕಡೆ ಆಳುತ್ತಿದ್ದ ಫ್ರಾಂಕ್ ಜನರ ಚಕ್ರವರ್ತಿ ಲೂಯಿ ತನ್ನ ಸಾಮ್ರಾಜ್ಯಕ್ಕೆಲ್ಲ ಅದೇ ದಿನವನ್ನು ವಿಧಿಸಿದ. ನವೆಂಬರ್ 2ರ ಸ್ಮರಣೆ ಶುರುವಾದದ್ದು ಫ್ರಾನ್ಸಿನ ಕ್ಲೂನಿ ಮಠದಲ್ಲಿ, 10ನೇ ಶತಮಾನದ ಕೊನೆಯಲ್ಲಿ, ಮಠಾಧಿಪತಿ ಓಡಿಲೋ ಅವರಿಂದ.

‘ಇದು ಕೆಲ್ಟ್ ಜನರ ಸೌಇನ್ ಹಬ್ಬವಲ್ಲವೇ’ ಎಂದು ಕೇಳುವವರು ಇದ್ದೇ ಇರುತ್ತಾರೆ. ಕೆಲ್ಟರ ನಾಡಾದ ಐರ್ಲೆಂಡಿನಲ್ಲಿ ಚಳಿಗಾಲ ಶುರುವಾಗುವ ಹೊತ್ತಿಗೆ ಆ ಹೆಸರಿನ ಹಬ್ಬ ಇದ್ದದ್ದು ನಿಜ. ಜನರ ಆಚರಣೆಯಲ್ಲಿ ಎರಡೂ ಒಂದಿಷ್ಟು ಬೆರೆತಿರಲೂ ಸಾಕು. ಆದರೆ ಸಕಲ ಸಂತರ ಹಬ್ಬವನ್ನು ಅದರ ಮೇಲೆ ಮುಚ್ಚಳ ಹಾಕಲೆಂದೇ ನವೆಂಬರಿಗೆ ತಂದರು ಎನ್ನುವ ಮಾತಿಗೆ ಆಧಾರ ತೆಳು. ನವೆಂಬರ್ 1 ಬಲಗೊಂಡದ್ದು ರೋಮ್ ಮತ್ತು ಫ್ರಾಂಕರ ನಾಡಿನಲ್ಲಿ. ಅದೇ ಕಾಲಕ್ಕೆ ಐರ್ಲೆಂಡಿನ ಕ್ರೈಸ್ತ ಪಂಚಾಂಗದಲ್ಲಿ ಸಂತರ ಹಬ್ಬ ಏಪ್ರಿಲ್ 20ಕ್ಕಿತ್ತು. ಹಾಗಾಗಿ ‘ಎಲ್ಲವೂ ದೆವ್ವದ್ದು’ ಎನ್ನುವವರಿಗೂ ‘ಎಲ್ಲವೂ ಕ್ರೈಸ್ತರದ್ದೇ’ ಎನ್ನುವವರಿಗೂ ನೀವು ಒಪ್ಪಬೇಕಾಗಿಲ್ಲ.

ಮನೆಮನೆಗೆ ಹೋಗಿ ತಿಂಡಿ ಕೇಳುವ ರೂಢಿಯ ಹಿಂದೆ ಇಂಗ್ಲೆಂಡಿನ ‘ಸೋಲಿಂಗ್’ ಇದೆ: ಬಡವರು, ಮಕ್ಕಳು ಬಾಗಿಲಿಗೆ ಬಂದು ಆ ಮನೆಯ ಮೃತರಿಗಾಗಿ ಪ್ರಾರ್ಥಿಸುವುದು, ಮನೆಯವರು ಅವರಿಗೆ ಸೋಲ್ ಕೇಕ್ ಕೊಡುವುದು. ಐರ್ಲೆಂಡ್, ಸ್ಕಾಟ್ಲೆಂಡಿನಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡುತ್ತಿದ್ದರು. ಅಮೆರಿಕಕ್ಕೆ ವಲಸೆ ಹೋದವರಿಗೆ ಅಲ್ಲಿನ ಸಿಹಿಗುಂಬಳ ಸಿಕ್ಕಿತು. ಹೊಸ ಮನೆಗೆ ದೃಷ್ಟಿ ತಾಗದಿರಲೆಂದು ಕಣ್ಣು ಮೀಸೆ ಬರೆದು ಬೂದುಗುಂಬಳ ಕಟ್ಟುವ ನಮ್ಮ ಊರಿನ ಮಕ್ಕಳಿಗೆ ಮುಖವಿರುವ ಕುಂಬಳಕಾಯಿ ಅಷ್ಟೇನೂ ಹೊಸದಲ್ಲ.

ಹಂತ 1: ದಿನ ಗೊತ್ತುಮಾಡಿ

ಇಲ್ಲೇ ಹೆಚ್ಚಿನವರು ಎಡವುವುದು. ನವೆಂಬರ್ 1 ನಮ್ಮಲ್ಲಿ ಕನ್ನಡ ರಾಜ್ಯೋತ್ಸವ. ಶಾಲೆಯಲ್ಲಿ ಧ್ವಜಾರೋಹಣ, ತಾಲ್ಲೂಕು ಕ್ರೀಡಾಂಗಣಕ್ಕೆ ಮಕ್ಕಳ ಮೆರವಣಿಗೆ, ಆಮೇಲೆ ರಜೆ. ಅಂದು ಸಂತರ ಕಾರ್ಯಕ್ರಮ ತುರುಕಿದರೆ ಎರಡೂ ಕೆಡುತ್ತವೆ. ರಾಜ್ಯೋತ್ಸವದ ಸಾಲಿನಲ್ಲಿ ನಿಲುವಂಗಿ ತೊಟ್ಟ ಮಕ್ಕಳನ್ನು ನಿಲ್ಲಿಸಿದರೆ ಅನಗತ್ಯ ಮಾತು ಹುಟ್ಟುತ್ತದೆ. ಚರ್ಚಿನಲ್ಲಿ ಬಲಿಪೂಜೆ ಅದರ ಪಾಡಿಗೆ ಅದು ನಡೆಯಲಿ, ಶಾಲೆಯ ಕಾರ್ಯಕ್ರಮವನ್ನು ಅಕ್ಟೋಬರ್ 31ಕ್ಕೆ ಅಥವಾ ಅದರ ಹಿಂದಿನ ಶಾಲಾ ದಿನಕ್ಕೆ ಇಡಿ. ಅಕ್ಟೋಬರ್ 31 ಸರ್ದಾರ್ ಪಟೇಲರ ಜನ್ಮದಿನ. 2014ರಿಂದ ಅಂದು ರಾಷ್ಟ್ರೀಯ ಏಕತಾ ದಿನದ ಪ್ರತಿಜ್ಞೆ ಇರುತ್ತದೆ. ಬೆಳಗಿನ ಪ್ರಾರ್ಥನೆಯ ಹೊತ್ತಿಗೇ ಅದನ್ನು ಮುಗಿಸಿಬಿಡಿ.

ಹಾಸನ ಪಟ್ಟಣದವರಿಗೆ ಇನ್ನೊಂದು ಲೆಕ್ಕವಿದೆ. ಹಾಸನಾಂಬೆಯ ದೇವಸ್ಥಾನದ ಬಾಗಿಲು ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ತೆರೆದು ಬಲಿಪಾಡ್ಯಮಿಯ ಆಸುಪಾಸಿನವರೆಗೆ ಇರುತ್ತದೆ. ಆ ದಿನಗಳಲ್ಲಿ ಪೇಟೆಯ ರಸ್ತೆಗಳಲ್ಲಿ ಶಾಲಾ ಬಸ್ ಹೊತ್ತಿಗೆ ಸರಿಯಾಗಿ ಬರುವುದನ್ನು ನಂಬಬೇಡಿ. ದೀಪಾವಳಿ ಅಕ್ಟೋಬರ್ ಕೊನೆಗೆ ಬಿದ್ದ ವರ್ಷ ಒಂದು ವಾರ ಮೊದಲೇ ಮಾಡುವುದೇ ವಾಸಿ. 2026ರಲ್ಲಿ ನವೆಂಬರ್ 1 ಭಾನುವಾರ, ಅಕ್ಟೋಬರ್ 31 ಶನಿವಾರ; ಹಾಸನ ಪಟ್ಟಣದ ಹೊರಗಿನವರಿಗೆ ಅರ್ಧ ದಿನದ ಶಾಲೆಯಿರುವ ಅನುಕೂಲದ ದಿನ; ಪಟ್ಟಣದಲ್ಲಿ ಆಗ ಹಾಸನಾಂಬೆಯ ಬಾಗಿಲು ತೆರೆದಿರುತ್ತದೆ.

ತಯಾರಿಗೆ ನಾಲ್ಕು ವಾರ ಬೇಕು. ನಡುವೆ ದಸರಾ ರಜೆ ಬರುವುದರಿಂದ ಸಂತರ ಹೆಸರು ಹಂಚುವುದನ್ನು ರಜೆಗೆ ಮೊದಲೇ ಮುಗಿಸಿ. ರಜೆ ಮುಗಿದ ಮೇಲೆ ಶುರುಮಾಡಿದರೆ ಕೈಯಲ್ಲಿ ಉಳಿಯುವುದು ಹತ್ತು ದಿನ, ಎಲ್ಲರೂ ಬಾಡಿಗೆ ವೇಷದ ಅಂಗಡಿಗೆ ಓಡುತ್ತಾರೆ.

ಹಂತ 2: ಒಪ್ಪಿಗೆ ಪತ್ರ

ಇದನ್ನು ಶಿಷ್ಟಾಚಾರವೆಂದು ಹಗುರವಾಗಿ ತೆಗೆದುಕೊಳ್ಳಬೇಡಿ. ಸಂವಿಧಾನದ 28(3)ನೇ ವಿಧಿಯ ಪ್ರಕಾರ ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಧಾರ್ಮಿಕ ಬೋಧನೆಗಾಗಲಿ ಪ್ರಾರ್ಥನೆಗಾಗಲಿ, ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳನ್ನು ಕೂರಿಸುವಂತಿಲ್ಲ. ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆಗೇ ಅವಕಾಶವಿಲ್ಲ. ಅಂಥ ಶಾಲೆಯ ಕ್ರೈಸ್ತ ಮಕ್ಕಳಿಗೆ ಈ ಕಾರ್ಯಕ್ರಮ ಚರ್ಚಿನ ಸಭಾಭವನದಲ್ಲೇ ಆಗಬೇಕು.

ಕಾರ್ಯಕ್ರಮವನ್ನು ಎರಡು ಭಾಗ ಮಾಡಿ: ಎಲ್ಲರೂ ಕೂರಬಹುದಾದ ಜೀವನಕಥೆಗಳ ಭಾಗ, ಬಯಸಿದವರಿಗೆ ಮಾತ್ರ ಪ್ರಾರ್ಥನೆಯ ಭಾಗ. ಪತ್ರದಲ್ಲಿ ಅದನ್ನು ಬಿಡಿಸಿ ಬರೆಯಿರಿ:

‘ಅ. 31ರಂದು ಬೆಳಿಗ್ಗೆ 10ರಿಂದ 11ರವರೆಗೆ ಶಾಲೆಯಲ್ಲಿ ಸಂತರ ಜೀವನಕಥೆಗಳ ಕಾರ್ಯಕ್ರಮವಿದೆ. ನಂತರ 15 ನಿಮಿಷ ಪ್ರಾರ್ಥನಾಲಯದಲ್ಲಿ ಪ್ರಾರ್ಥನೆ ಇರುತ್ತದೆ, ಅದು ಕಡ್ಡಾಯವಲ್ಲ. ನಿಮ್ಮ ಮಗು (1) ಎರಡರಲ್ಲೂ (2) ಮೊದಲನೆಯದರಲ್ಲಿ ಮಾತ್ರ (3) ಯಾವುದರಲ್ಲೂ ಭಾಗವಹಿಸುವುದಿಲ್ಲ ಎಂಬುದನ್ನು ಗುರುತು ಮಾಡಿ, ಸಹಿ ಹಾಕಿ ಕಳುಹಿಸಿ. ತಿಂಡಿಯಲ್ಲಿ ಮೈದಾ, ಬೆಣ್ಣೆ, ಹಾಲು, ಒಣದ್ರಾಕ್ಷಿ ಇರುತ್ತದೆ, ಮೊಟ್ಟೆ ಇರುವುದಿಲ್ಲ.’

ಮೂರನೆಯದನ್ನು ಆರಿಸಿದ ಮಕ್ಕಳನ್ನು ಖಾಲಿ ತರಗತಿಯಲ್ಲಿ ಸುಮ್ಮನೆ ಕೂರಿಸಿದರೆ ಅದು ಶಿಕ್ಷೆಯಾಗುತ್ತದೆ. ಗ್ರಂಥಾಲಯ ತೆರೆದಿರಲಿ, ಒಬ್ಬ ಶಿಕ್ಷಕರು ಜತೆಗಿರಲಿ.

ಕ್ರೈಸ್ತ ಪೋಷಕರೆಲ್ಲ ಒಂದೇ ಮಾತು ಹೇಳುತ್ತಾರೆಂದೂ ತಿಳಿಯಬೇಡಿ. ಚಿಕ್ಕಮಗಳೂರು ಮತ್ತು ಹಾಸನ ಎರಡು ಜಿಲ್ಲೆಗಳೂ 1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಕಥೋಲಿಕ ಧರ್ಮಕ್ಷೇತ್ರಕ್ಕೆ, ಅಂದರೆ ಒಬ್ಬ ಬಿಷಪ್ಪರ ಆಡಳಿತಕ್ಕೆ, ಸೇರಿವೆ. ಆದರೆ ಶಾಲೆಯಲ್ಲಿ ಪ್ರೊಟೆಸ್ಟೆಂಟ್ ಸಭೆಗಳ ಮಕ್ಕಳೂ ಇರುತ್ತಾರೆ. ಅವರಲ್ಲಿ ಬಹುತೇಕರಿಗೆ ಸಂತರ ಬದುಕು ಕೇಳುವುದರಲ್ಲಿ ತೊಂದರೆಯಿಲ್ಲ; ಸಂತರಿಗೆ ಮೊರೆಯಿಡುವುದು ಒಪ್ಪಿಗೆಯಾಗದು. ಅಕ್ಟೋಬರ್ 31 ಅವರಿಗೆ ಮಾರ್ಟಿನ್ ಲೂಥರ್ 1517ರಲ್ಲಿ ಎತ್ತಿದ ಸುಧಾರಣೆಯ ಸ್ಮರಣೆಯ ದಿನವೂ ಹೌದು. ಕಥೋಲಿಕರ ಬೋಧನೆಯಲ್ಲೂ ಆರಾಧನೆ ಸಲ್ಲುವುದು ದೇವರಿಗೆ ಮಾತ್ರ. ಸಂತರಿಗೆ ಸಲ್ಲುವುದು ಗೌರವ, ಅವರಿಂದ ಕೇಳುವುದು ‘ನಮಗಾಗಿ ಪ್ರಾರ್ಥಿಸಿರಿ’ ಎಂದು. ನಿರೂಪಣೆಯಲ್ಲಿ ‘ಸಂತರನ್ನು ಪೂಜಿಸೋಣ’ ಎಂಬ ಮಾತು ನುಸುಳದಂತೆ ನೋಡಿಕೊಳ್ಳಿ.

ಹಂತ 3: ಸಂತರ ಆಯ್ಕೆ

ಒಂದು ತರಗತಿಗೆ ಎಂಟರಿಂದ ಹತ್ತು ಹೆಸರು ಸಾಕು. ಮಕ್ಕಳಿಗೇ ಬಿಟ್ಟರೆ ಅರ್ಧ ತರಗತಿ ಮದರ್ ತೆರೇಸಾ, ಇನ್ನರ್ಧ ಇತ್ತೀಚೆಗೆ ಸಂತರಾದ ಕಾರ್ಲೊ ಅಕ್ಯುಟಿಸ್ ಆಗುತ್ತದೆ. ಚೀಟಿ ಎತ್ತಿಸಿ, ಒಂದು ಹೆಸರು ತರಗತಿಗೆ ಒಂದೇ ಸಲ.

ಪಟ್ಟಿ ಮಾಡುವಾಗ ಹತ್ತಿರದವರಿಂದ ಶುರುಮಾಡಿ. ನಮ್ಮ ಕಡೆಗೆ ಎಲ್ಲರಿಗಿಂತ ಹೊಂದುವವರು ಜೋಸೆಫ್ ವಾಜ್. ಗೋವಾದಲ್ಲಿ ಹುಟ್ಟಿದ ಈ ಧರ್ಮಗುರು 1680ರ ದಶಕದ ಆರಂಭದಲ್ಲಿ ಕೆನರಾ ಕರಾವಳಿಯಲ್ಲಿ ಕೆಲಸ ಮಾಡಿದವರು. ಘಟ್ಟ ಇಳಿದರೆ ಸಿಗುವ ಊರುಗಳು. ಹಾಗಿದ್ದೂ ಶಾಲೆಯ ಪಟ್ಟಿಗಳಲ್ಲಿ ಇವರ ಹೆಸರು ಅಪರೂಪ. ಮರಿಯಂ ಬವಾರ್ದಿ ಎಂಬ ಪ್ಯಾಲೆಸ್ಟೈನಿನ ಕಾರ್ಮೆಲ್ ಎಂಬ ಸನ್ಯಾಸಿನಿಯರ ಸಭೆಯ ಸಿಸ್ಟರ್ 1870ರಿಂದ 1872ರವರೆಗೆ ಮಂಗಳೂರಿನಲ್ಲಿದ್ದರು, 2015ರಲ್ಲಿ ಸಂತರಾದರು. ಕೇರಳದ ಅಲ್ಫೋನ್ಸಾ (1910–1946) 2008ರಲ್ಲಿ ಸಂತರೆಂದು ಘೋಷಣೆಯಾದ ಭಾರತದ ಮೊದಲ ಮಹಿಳೆ. ದೇವಸಹಾಯಂ ಪಿಳ್ಳೆ ತಿರುವಾಂಕೂರು ಅರಮನೆಯ ನೌಕರರಾಗಿದ್ದವರು, 1752ರ ಜನವರಿ 14ರಂದು ಗುಂಡಿಗೆ ಬಲಿಯಾದರು, 2022ರಲ್ಲಿ ಸಂತರಾದ, ಗುರುವೂ ಸನ್ಯಾಸಿಯೂ ಅಲ್ಲದ ಭಾರತದ ಮೊದಲ ಗೃಹಸ್ಥ. ಫ್ರಾನ್ಸಿಸ್ ಕ್ಸೇವಿಯರ್ 1542ರಲ್ಲಿ ಗೋವಾಕ್ಕೆ ಬಂದಾಗ ಬೀದಿಯಲ್ಲಿ ಕೈಗಂಟೆ ಬಾರಿಸುತ್ತ ಮಕ್ಕಳನ್ನು ಪಾಠಕ್ಕೆ ಕರೆಯುತ್ತಿದ್ದರು. ಶಾಲೆಯ ಗಂಟೆಯೊಂದು ಕೈಗೆ ಕೊಟ್ಟರೆ ಅವರ ಗುರುತು ಸಿದ್ಧ.

ಹೊರಗಿನವರಲ್ಲಿ ರೈತರ ಮಕ್ಕಳಿಗೆ ಮ್ಯಾಡ್ರಿಡ್‌ನ ಇಸಿದೋರ್: ಜಮೀನ್ದಾರನ ಹೊಲ ಉಳುತ್ತಿದ್ದವರು, ಗುರುತು ನೇಗಿಲು. ಪೆರುವಿನ ಲಿಮಾ ನಗರದ ಮಾರ್ಟಿನ್ ದೆ ಪೋರೆಸ್ (1579–1639) ಮಠದಲ್ಲಿ ಕಸ ಗುಡಿಸಿ, ರೋಗಿಗಳ ಆರೈಕೆ ಮಾಡಿದವರು. ಪೊರಕೆಯೇ ಅವರ ಗುರುತು, ಹಬ್ಬ ನವೆಂಬರ್ 3. ಅಸ್ಸಿಸಿಯ ಫ್ರಾನ್ಸಿಸ್, ಲಿಲ್ಲಿ ಹೂ ಹಿಡಿದ ಸಂತ ಅಂತೋಣಿ, ಗುಲಾಬಿ ಹಿಡಿದ ಲಿಸಿಯೂವಿನ ತೆರೇಸಾ, ಕೀಲಿಕೈ ಹಿಡಿದ ಪೇತ್ರ ಎಲ್ಲರಿಗೂ ಗೊತ್ತಿರುವವರೇ. ಕಾರ್ಲೊ ಅಕ್ಯುಟಿಸ್ (1991–2006) ಸಂತರೆಂದು ಘೋಷಣೆಯಾದದ್ದು 2025ರ ಸೆಪ್ಟೆಂಬರ್ 7ರಂದು. ಕಂಪ್ಯೂಟರ್ ಬಲ್ಲ ಹುಡುಗ, ಜೀನ್ಸ್ ಟೀ ಶರ್ಟಿನಲ್ಲೇ ಮುಗಿಯುತ್ತದೆ.

ಪಟ್ಟಿ ಅಂತಿಮ ಮಾಡುವ ಮುನ್ನ ಎರಡು ವಿಷಯ ಪರೀಕ್ಷಿಸಿ. ಒಂದು, ಹೆಸರಿನ ಮುಂದಿನ ಪದವಿ. ಸಂತಪದವಿಯ ದಾರಿಯಲ್ಲಿ ನಾಲ್ಕು ಮೆಟ್ಟಿಲು: ದೇವರ ಸೇವಕ, ಪೂಜ್ಯ, ಧನ್ಯ, ಕೊನೆಗೆ ಸಂತ. ಸಾಮಾನ್ಯವಾಗಿ ಧನ್ಯ ಎನ್ನಿಸಿಕೊಳ್ಳಲು ಒಂದು, ಸಂತ ಎನ್ನಿಸಿಕೊಳ್ಳಲು ಇನ್ನೊಂದು ಅದ್ಭುತವನ್ನು ಸಭೆ ಪರಿಶೀಲಿಸಿ ಒಪ್ಪಬೇಕು. ಹುತಾತ್ಮರಿಗೆ ಮೊದಲನೆಯದು ಬೇಡ. 2017ರಲ್ಲಿ ಇಂದೋರಿನಲ್ಲಿ ಘೋಷಣೆಯಾದ ಸಿಸ್ಟರ್ ರಾಣಿ ಮರಿಯ ಧನ್ಯರು. ಅವರನ್ನು ಸಂತ ಎಂದು ಪರಿಚಯಿಸಿದರೆ ಅತಿಥಿಯಾಗಿ ಬಂದ ಧರ್ಮಗುರುಗಳು ವೇದಿಕೆಯಲ್ಲೇ ತಿದ್ದಬೇಕಾಗುತ್ತದೆ. ಎರಡು, ಹಿಂಸೆ. ತಟ್ಟೆಯಲ್ಲಿ ಕಣ್ಣು ಹಿಡಿದ ಲೂಸಿಯಾ, ಕಾದ ಕಬ್ಬಿಣದ ಜಾಲರಿಯ ಲಾರೆನ್ಸ್, ಚರ್ಮ ಸುಲಿಸಿಕೊಂಡ ಬಾರ್ತಲೋಮಿಯ ಇವರನ್ನು ನಾಲ್ಕನೇ ತರಗತಿಯ ಕೆಳಗೆ ಕೊಡಬೇಡಿ. ದೆವ್ವ ಬೇಡವೆಂದು ಹೊರಟು ಅದಕ್ಕಿಂತ ಹೆದರಿಸುವುದನ್ನು ತಂದಂತಾಗುತ್ತದೆ. ಹುತಾತ್ಮರಿಗೆಲ್ಲ ಸಲ್ಲುವ ಗುರುತು ತಾಳೆಗರಿ. ಅದರ ಬದಲು ತೆಂಗಿನ ಎಳೆ ಗರಿಯೊಂದನ್ನು ಕೈಗೆ ಕೊಟ್ಟರೂ ನಡೆಯುತ್ತದೆ.

ಹಂತ 4: ಮಾತು

ಒಬ್ಬೊಬ್ಬರಿಗೆ 45 ಸೆಕೆಂಡ್, ಅಂದರೆ ಐವತ್ತು ಪದಗಳ ಆಸುಪಾಸು. ವೇದಿಕೆಗೆ ಹತ್ತಿ ಇಳಿಯಲು 20 ಸೆಕೆಂಡ್ ಸೇರಿಸಿದರೆ ಮೂವತ್ತು ಮಕ್ಕಳಿಗೆ ಅರ್ಧ ಗಂಟೆ ದಾಟುತ್ತದೆ. ಅದಕ್ಕಿಂತ ಹೆಚ್ಚು ಮಕ್ಕಳಿದ್ದರೆ ತರಗತಿಗಳಲ್ಲೇ ಮೊದಲು ಹೇಳಿಸಿ, ವೇದಿಕೆಗೆ ತಲಾ ಐವರನ್ನು ಕಳುಹಿಸಿ. ಹುಟ್ಟಿದ ಊರು, ಕಾಲ, ಮಾಡಿದ ಕೆಲಸ, ಕಣ್ಣಿಗೆ ಕಟ್ಟುವ ಒಂದು ಘಟನೆ, ಹಬ್ಬದ ದಿನ ಇಷ್ಟಿರಲಿ. ಒಂದು ಮಾದರಿ:

‘ನಾನು ಜೋಸೆಫ್ ವಾಜ್. 1651ರಲ್ಲಿ ಗೋವಾದ ಬೆನಾವ್ಲಿಯಲ್ಲಿ ಹುಟ್ಟಿದೆ. ಗುರುವಾದ ಮೇಲೆ ಮಂಗಳೂರು, ಕುಂದಾಪುರದ ಕಡೆ ಸೇವೆ ಮಾಡಿದೆ. ಶ್ರೀಲಂಕಾದಲ್ಲಿ ಡಚ್ಚರು ಕಥೋಲಿಕ ಗುರುಗಳನ್ನು ಬಿಡುತ್ತಿರಲಿಲ್ಲ, ಅದಕ್ಕೆ ಕೂಲಿಯವನ ವೇಷದಲ್ಲಿ ಅಲ್ಲಿಗೆ ಹೋದೆ. 1697ರಲ್ಲಿ ಕ್ಯಾಂಡಿಗೆ ಸಿಡುಬು ಬಂದಾಗ ಊರವರು ಓಡಿಹೋದರು, ನಾನು ರೋಗಿಗಳ ಹತ್ತಿರ ಉಳಿದೆ. 2015ರಲ್ಲಿ ಪೋಪ್ ಫ್ರಾನ್ಸಿಸ್ ನನ್ನನ್ನು ಸಂತನೆಂದು ಘೋಷಿಸಿದರು. ನನ್ನ ಹಬ್ಬ ಜನವರಿ 16.’

ಬೇರೆ ಧರ್ಮದ ಮಗುವಿಗೆ ‘ನಾನು’ ಎನ್ನುವುದು ಮುಜುಗರವಾದರೆ ‘ಇವರು ಜೋಸೆಫ್ ವಾಜ್’ ಎಂದು ಬದಲಿಸಿ, ವೇಷವಿಲ್ಲದೆ ಚಿತ್ರ ಹಿಡಿದು ಹೇಳಲಿ. ಅದ್ಭುತಗಳನ್ನು ಸಾಲಾಗಿ ಪೋಣಿಸಬೇಡಿ. ನಾಯಿ, ಬೆಕ್ಕು, ಇಲಿಗಳಿಗೆ ಮಾರ್ಟಿನ್ ಒಂದೇ ತಟ್ಟೆಯಲ್ಲಿ ಉಣಿಸಿದರೆಂಬುದು ಐತಿಹ್ಯ. ‘ಹೀಗೊಂದು ಕಥೆಯಿದೆ’ ಎಂದು ಸೇರಿಸಿದರೆ ಮಕ್ಕಳಿಗೆ ಇತಿಹಾಸ ಯಾವುದು, ಕಥೆ ಯಾವುದು ಎಂಬುದೂ ತಿಳಿಯುತ್ತದೆ. ಬಾಯಿಪಾಠವಾದ ಮೇಲೆ ಒಂದು ಅಡ್ಡ ಪ್ರಶ್ನೆ ಕೇಳಿ ನೋಡಿ: ‘ಕೂಲಿಯವನ ವೇಷ ಯಾಕೆ ಹಾಕಿದರು?’ ಉತ್ತರ ಬಾರದಿದ್ದರೆ ಮಾತು ಬಾಯಲ್ಲಿದೆ, ತಲೆಗಿಳಿದಿಲ್ಲ.

ಹಂತ 5: ವೇಷ, ಹಳೆಯ ಪಂಚೆಯಲ್ಲಿ

ಬಾಡಿಗೆ ವೇಷ ಬೇಡ. ಅಲ್ಲಿ ಸಿಗುವುದು ನಾಟಕದ ರಾಜರ ಜರಿ ಅಂಗಿ. ಹೆಚ್ಚಿನ ಸಂತರ ಉಡುಪು ಅದಕ್ಕೆ ತದ್ವಿರುದ್ಧ. ಒಂದು ನಿಲುವಂಗಿ ಹೊಲಿಸಿದರೆ ಹತ್ತು ಸಂತರಿಗೆ ಆಗುತ್ತದೆ.

135 ಸೆಂ.ಮೀ. ಎತ್ತರದ, ಸುಮಾರು ಹತ್ತು ವರ್ಷದ ಮಗುವಿಗೆ 90 ಸೆಂ.ಮೀ. ಅಗಲದ ಹತ್ತಿ ಬಟ್ಟೆ ಎರಡೂಕಾಲು ಮೀಟರ್ ಬೇಕು. ಹಳೆಯ ಬಿಳಿ ಪಂಚೆ ಧಾರಾಳವಾಗಿ ಸಾಲುತ್ತದೆ. ಅಗಲ ಹೆಚ್ಚಿದ್ದರೆ 90ಕ್ಕೆ ಕತ್ತರಿಸಿಕೊಳ್ಳಿ. ಉದ್ದಕ್ಕೆ ಅರ್ಧ ಮಡಚಿ, ಮಡಿಕೆ ಹೆಗಲಿಗೆ ಬರಲಿ. ಮಡಿಕೆಯ ನಡುವೆ 18 ಸೆಂ.ಮೀ. ಅಗಲದ ಕುತ್ತಿಗೆ: ಮುಂದೆ 7 ಸೆಂ.ಮೀ., ಹಿಂದೆ 3 ಸೆಂ.ಮೀ. ಆಳ. ಹಿಂಭಾಗದಲ್ಲಿ ನೇರ ಕೆಳಕ್ಕೆ 12 ಸೆಂ.ಮೀ. ಸೀಳಿ ಹುಕ್ ಹಾಕಿ. ಮೊದಲೇ ದೊಡ್ಡದಾಗಿ ಕತ್ತರಿಸಿದರೆ ಅಂಗಿ ಹೆಗಲಿಂದ ಜಾರುತ್ತದೆ, ಅದನ್ನು ಸರಿಮಾಡುವುದು ಕಷ್ಟ. ಚಿಕ್ಕದು ಕತ್ತರಿಸಿ, ತಲೆ ತೂರಿಸಿ ನೋಡಿ, ಆಮೇಲೆ ಬಿಡಿಸಿ. ತೋಳಿಗಾಗಿ ಮಡಿಕೆಯಿಂದ 22 ಸೆಂ.ಮೀ. ಕೆಳಗೆ ಎರಡೂ ಬದಿಯಿಂದ 18 ಸೆಂ.ಮೀ. ಒಳಕ್ಕೆ ಕತ್ತರಿಸಿ, ಅಲ್ಲಿಂದ ಅಂಚಿನವರೆಗೆ ಓರೆಯಾಗಿ ಇಳಿಸಿ. ಅಂಚಿನಲ್ಲಿ ಬದಿಗೆ 8 ಸೆಂ.ಮೀ. ಮಾತ್ರ ಹೋಗಬೇಕು. ಕೆಳಗೂ ಅಷ್ಟೇ ಕಿರಿದಾಗಿಸಿದರೆ ಮೆಟ್ಟಿಲು ಹತ್ತುವಾಗ ಕಾಲು ಬಿಗಿಯುತ್ತದೆ. ಅಂಚು ಪಾದದ ಗಂಟಿಗಿಂತ 5 ಸೆಂ.ಮೀ. ಮೇಲೆ ನಿಲ್ಲಬೇಕು. ವೇದಿಕೆಯಲ್ಲಿ ಮಕ್ಕಳು ಬೀಳುವುದು ಬಹುಪಾಲು ಉದ್ದದ ಅಂಚನ್ನು ತಾವೇ ತುಳಿದು.

ಕಂದು ಬಣ್ಣ ಹಾಕಿಸಿ ಎರಡೂವರೆ ಮೀಟರ್ ಹತ್ತಿ ಹಗ್ಗ ಸೊಂಟಕ್ಕೆ ಕಟ್ಟಿ, ಇಳಿಬಿದ್ದ ತುದಿಗೆ ಮೂರು ಗಂಟು ಹಾಕಿದರೆ ಅಸ್ಸಿಸಿಯ ಫ್ರಾನ್ಸಿಸರು. ಆ ಗಂಟುಗಳು ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳು. ಅದೇ ಅಂಗಿ ಬಿಳಿಯಾಗಿದ್ದು ಮೇಲೆ ಕಪ್ಪು ಮೇಲಂಗಿ ಬಂದರೆ ಮಾರ್ಟಿನ್ ದೆ ಪೋರೆಸ್. ಮಾರ್ಟಿನರ ತಾಯಿ ಆಫ್ರಿಕಾ ಮೂಲದವರು. ಹಾಗೆಂದು ಮಗುವಿನ ಮುಖಕ್ಕೆ ಕಪ್ಪು ಬಳಿಯುವುದು ಖಂಡಿತ ಬೇಡ. ಮದರ್ ತೆರೇಸಾ ಸೀರೆಗೆ ಬಿಳಿ ಹತ್ತಿ ಬಟ್ಟೆ ನಾಲ್ಕು ಮೀಟರ್, ಅಂಚಿಗೆ ಮೂರು ನೀಲಿ ಪಟ್ಟೆ. ಹೊರಗಿನದು ಅಗಲ, ಒಳಗಿನ ಎರಡು ಕಿರಿದು. ರಿಬ್ಬನ್ ಹೊಲಿದರೆ ಸಾಕು, ಬಣ್ಣ ಬಳಿದರೆ ಮಳೆ ಹನಿಗೆ ಇಳಿಯುತ್ತದೆ.

ತಲೆಯ ಹಿಂದಿನ ಪ್ರಭಾವಳಿಗೆ ಹಳೆಯ ಕ್ಯಾಲೆಂಡರಿನ ರಟ್ಟು, 26 ಸೆಂ.ಮೀ. ವೃತ್ತ, ಮೇಲೆ ಹೊಳೆಯುವ ಚಿನ್ನದ ಬಣ್ಣದ ಕಾಗದ. ಎರಡು ಸೀಳು ಮಾಡಿ ಹೇರ್ ಬ್ಯಾಂಡ್ ತೂರಿಸಿ. ತಂತಿಯ ಪ್ರಭಾವಳಿ ಪಕ್ಕದ ಮಗುವಿನ ಕಣ್ಣಿಗೆ ಅಪಾಯ. ಕೋಲು ಹಿಡಿಯುವ ಸಂತರಿದ್ದರೆ ಕೋಲು ಮಗುವಿನ ಹೆಗಲ ಎತ್ತರ ಮೀರಬಾರದು, ತುದಿಗೆ ಬಟ್ಟೆ ಸುತ್ತಿ. ಹತ್ತಿಯ ಗಡ್ಡವನ್ನು ಗೋಂದಿನಲ್ಲಿ ಅಂಟಿಸುವುದೂ ಬೇಡ: ತುರಿಸುತ್ತದೆ, ಬೆಂಕಿಗೆ ಬೇಗ ಹತ್ತಿಕೊಳ್ಳುತ್ತದೆ. ಐಬ್ರೋ ಪೆನ್ಸಿಲ್ಲಿನ ನಾಲ್ಕು ಗೆರೆ ಸಾಕು.

ಹಂತ 6: ಕುಂಬಳದ ದೀಪ, ಸೋಲ್ ಕೇಕ್

ಮಕ್ಕಳಿಗೆ ಕುಂಬಳಕಾಯಿ ಬೇಕೇ ಬೇಕು, ಇರಲಿ. ಮುಖದ ಬದಲು ಶಿಲುಬೆ, ನಕ್ಷತ್ರ, ಕೀಲಿಕೈ ಕೊರೆಯಿರಿ. ಸಂತೆಯಲ್ಲಿ ಮೂರರಿಂದ ನಾಲ್ಕು ಕೆ.ಜಿ.ಯ ಸಿಹಿಗುಂಬಳ ಆರಿಸಿ. ನಮ್ಮ ನಾಟಿ ಕಾಯಿ ಚಪ್ಪಟೆ, ಏಣು ಏಣಾಗಿರುತ್ತದೆ, ತಿರುಳು ದಪ್ಪ. ಏಣಿನ ಉಬ್ಬಿನ ಮೇಲೆ ಚಾಕು ಜಾರುತ್ತದೆ. ಎರಡು ಏಣುಗಳ ನಡುವಿನ ತಗ್ಗಿನಲ್ಲಿ ಕೊರೆಯಿರಿ. ಮುಚ್ಚಳವನ್ನು ಒಳಮುಖವಾಗಿ ಓರೆ ಹಿಡಿದು ಕತ್ತರಿಸಿದರೆ ಅದು ಒಳಗೆ ಬೀಳದು. ಒಳಗಿಂದ ಸೌಟಿನಲ್ಲಿ ಕೆರೆದು ಗೋಡೆಯನ್ನು ಎರಡರಿಂದ ಎರಡೂವರೆ ಸೆಂ.ಮೀ.ಗೆ ಇಳಿಸಿ, ಹಾಗೇ ಬಿಟ್ಟರೆ ಬೆಳಕು ಹೊರಗೆ ಕಾಣುವುದೇ ಇಲ್ಲ. ಚಾಕು ದೊಡ್ಡವರ ಕೈಯಲ್ಲೇ ಇರಬೇಕು, ಮಕ್ಕಳು ಸ್ಕೆಚ್ ಪೆನ್ನಿನಲ್ಲಿ ಗೆರೆ ಹಾಕಲಿ. ಹಿಂದಿನ ದಿನ ಸಂಜೆ ಮಾತ್ರ ಕೊರೆಯಿರಿ. ಮಲೆನಾಡಿನ ತೇವಕ್ಕೆ ಮೂರನೇ ದಿನಕ್ಕೆಲ್ಲ ಒಳಗೆ ಬೂಷ್ಟು ಹಿಡಿಯುತ್ತದೆ. ಮೇಣದ ಬತ್ತಿ ಬೇಡ, ಬ್ಯಾಟರಿಯ ಪುಟ್ಟ ದೀಪ ಇಡಿ. ಉದ್ದ ಅಂಗಿಯ ಮಕ್ಕಳು ಸುತ್ತ ಓಡಾಡುತ್ತಿರುತ್ತಾರೆ. ಕೆರೆದ ತಿರುಳು ಆ ದಿನದ ಪಲ್ಯಕ್ಕೆ ಹೋಗಲಿ.

ಸೋಲ್ ಕೇಕ್ ಹೆಸರಿಗೆ ಕೇಕ್, ನೋಡಲು ದಪ್ಪ ಬಿಸ್ಕತ್ತು. ಸುಮಾರು 25ಕ್ಕೆ: ಮೈದಾ 340 ಗ್ರಾಂ, ಬೆಣ್ಣೆ 170 ಗ್ರಾಂ, ಪುಡಿ ಸಕ್ಕರೆ 170 ಗ್ರಾಂ, ಒಣದ್ರಾಕ್ಷಿ 80 ಗ್ರಾಂ, ದಾಲ್ಚಿನ್ನಿ ಪುಡಿ ಅರ್ಧ ಚಮಚ, ಜಾಯಿಕಾಯಿ ಪುಡಿ ಒಂದು ಚಿಟಿಕೆ. ಹಳೆಯ ಪದ್ಧತಿಯಲ್ಲಿ ಮೂರು ಮೊಟ್ಟೆಯ ಹಳದಿ ಬೀಳುತ್ತದೆ. ಶಾಲೆಗೆ ಅದರ ಬದಲು 60 ಮಿ.ಲೀ. ಹಾಲು. ಬೆಣ್ಣೆ ಸಕ್ಕರೆ ನೊರೆಯಾಗಿ ಕಲಸಿ, ಉಳಿದದ್ದು ಸೇರಿಸಿ, ಒಂದು ಸೆಂ.ಮೀ. ದಪ್ಪಕ್ಕೆ ಲಟ್ಟಿಸಿ, 6 ಸೆಂ.ಮೀ.ನ ಲೋಟದಲ್ಲಿ ಒತ್ತಿ, ಮೇಲೆ ಚಾಕುವಿನಿಂದ ಶಿಲುಬೆ ಗೀರಿ, 180 ಡಿಗ್ರಿಯಲ್ಲಿ 12ರಿಂದ 15 ನಿಮಿಷ ಬೇಯಿಸಿ. ಬೆಣ್ಣೆ ಕರಗಿಸಿ ಹಾಕಿದರೆ ಹರಡಿ ಒಂದಕ್ಕೊಂದು ಅಂಟುತ್ತವೆ. ಚಪಾತಿ ಹಿಟ್ಟಿನ ಹಾಗೆ ನಾದಿದರೆ ಕಲ್ಲಾಗುತ್ತವೆ. ಇನ್ನೂರು ಮಕ್ಕಳಿದ್ದರೆ ಮನೆಯ ಓವನ್ ನೆಚ್ಚಬೇಡಿ. ಅಯ್ಯಂಗಾರ್ ಬೇಕರಿಗಳ ತವರು ಹಾಸನ. ಹಿಟ್ಟು ಕಲಸಿ ಒಯ್ದರೆ ಪರಿಚಯದ ಬೇಕರಿಯವರು ಬೆಳಗಿನ ಬ್ರೆಡ್ಡಿನ ಸರದಿ ಮುಗಿದ ಮೇಲೆ ಬೇಯಿಸಿಕೊಡಬಹುದು. ವಾರದ ಮುಂಚೆ ಕೇಳಿಡಿ.

ಹಂತ 7: ಆ ದಿನ

ಬೆಳಿಗ್ಗೆಯೇ ಮಾಡಿ. ಅಕ್ಟೋಬರ್ ಕೊನೆಯ ಮಧ್ಯಾಹ್ನ ಹಿಂಗಾರು ಮಳೆ ಬಂದರೆ ಕರೆಂಟೂ ಹೋಗುತ್ತದೆ, ಮೈಕೂ ಹೋಗುತ್ತದೆ. 9.45ಕ್ಕೆ ವೇಷ, ಅದಕ್ಕೂ ಮೊದಲು ಹಾಕಿದರೆ ಕೊಳೆಯಾಗುತ್ತದೆ. 10ಕ್ಕೆ ಶಿಕ್ಷಕರೊಬ್ಬರಿಂದ ಮೂರು ಹಬ್ಬಗಳ ಬಗ್ಗೆ ಐದು ನಿಮಿಷದ ಮಾತು. ಆಮೇಲೆ ಮಕ್ಕಳು, ಕಾಲದ ಅನುಕ್ರಮದಲ್ಲಿ: ಪೇತ್ರರಿಂದ ಕಾರ್ಲೊವರೆಗೆ ಎರಡು ಸಾವಿರ ವರ್ಷ ಕಣ್ಣ ಮುಂದೆ ಸಾಗುತ್ತದೆ. ಚಿಕ್ಕವರು ನಡುವೆ ಬೇಸರಗೊಂಡರೆ ಹತ್ತು ಮಕ್ಕಳಿಗೊಮ್ಮೆ ‘ಪೊರಕೆ ಹಿಡಿದವರು ಯಾರು?’ ಎಂಬಂಥ ಒಂದು ಪ್ರಶ್ನೆ ಕೇಳಿ. ‘ಅತ್ಯುತ್ತಮ ವೇಷ’ ಬಹುಮಾನ ಇಡಬೇಡಿ. ಇಟ್ಟರೆ ಮುಂದಿನ ವರ್ಷ ಪೋಷಕರ ನಡುವೆ ಸ್ಪರ್ಧೆ. ಬಹುಮಾನ ಕೊಡಲೇಬೇಕೆಂದರೆ ಅಡ್ಡ ಪ್ರಶ್ನೆಗೆ ಉತ್ತರ ಕೊಟ್ಟವರಿಗೆ ಕೊಡಿ.

11ಕ್ಕೆ ತಿಂಡಿ. ನಂತರ ಒಪ್ಪಿಗೆ ಕೊಟ್ಟ ಮಕ್ಕಳು ಪ್ರಾರ್ಥನಾಲಯಕ್ಕೆ: ಸಂತರ ಮನವಿಮಾಲೆ, ಅಂದರೆ ಒಬ್ಬರು ಸಂತರ ಹೆಸರು ಹೇಳಿದಂತೆ ಉಳಿದವರು ‘ನಮಗಾಗಿ ಪ್ರಾರ್ಥಿಸಿರಿ’ ಎನ್ನುವ ಪ್ರಾರ್ಥನೆ. ಅಂದು ಮಕ್ಕಳು ಹೇಳಿದ ಹೆಸರುಗಳನ್ನೂ ಅದರಲ್ಲಿ ಸೇರಿಸಲು ಧರ್ಮಗುರುಗಳನ್ನು ಮೊದಲೇ ಕೇಳಿಕೊಳ್ಳಿ. ಧನ್ಯರ ಹೆಸರು ಪಟ್ಟಿಯಲ್ಲಿದ್ದರೆ ಅದನ್ನೂ ಅವರಿಗೆ ತಿಳಿಸಿ.

ಹಂತ 8: ನವೆಂಬರ್ 2, ಸಮಾಧಿಗಳ ಭೇಟಿ

ಇದು ಶಾಲೆಯದ್ದಕ್ಕಿಂತ ಧರ್ಮಕೇಂದ್ರದ, ಅಂದರೆ ಊರಿನ ಚರ್ಚಿನ, ಕೆಲಸ. ನವೆಂಬರ್ 1ರಿಂದ 8ರವರೆಗೆ ಸಮಾಧಿಗೆ ಭೇಟಿ ಕೊಟ್ಟು ಮೃತರಿಗಾಗಿ ಪ್ರಾರ್ಥಿಸುವುದಕ್ಕೆ ಕಥೋಲಿಕ ಸಭೆ ವಿಶೇಷ ಫಲ ಹೇಳಿದೆ, ಹಾಗಾಗಿ ಒಂದೇ ದಿನ ಎಲ್ಲರೂ ನೂಕಬೇಕಿಲ್ಲ. ಮಳೆಗಾಲ ಮುಗಿದ ಹೊತ್ತು. ಹುಲ್ಲು ಸೊಂಟಕ್ಕೆ ಬೆಳೆದಿರುತ್ತದೆ, ಹಾವು, ಇಂಬಳ ಇರುತ್ತವೆ. ಮೊದಲು ದೊಡ್ಡವರು ಹುಲ್ಲು ಸವರಿಸಲಿ, ಆಮೇಲೆ ಮಕ್ಕಳು ಶೂ ಹಾಕಿಕೊಂಡು ಹೋಗಲಿ. ಹಳೆಯ ಕಲ್ಲಿನ ಮೇಲಿನ ಪಾಚಿಯನ್ನು ಆಸಿಡ್ ಹಾಕಿ, ತಂತಿ ಬ್ರಷ್ಷಿನಲ್ಲಿ ಉಜ್ಜಬೇಡಿ, ಅಕ್ಷರವೇ ಅಳಿಸಿಹೋಗುತ್ತದೆ. ನೀರು, ಮೆದು ಬ್ರಷ್ ಸಾಕು. ಮೇಣದ ಬತ್ತಿಗಳನ್ನು ನೇರ ಕಲ್ಲಿನ ಮೇಲೆ ಅಂಟಿಸದೆ ಮರಳು ತುಂಬಿದ ತಟ್ಟೆಯಲ್ಲಿ ನಿಲ್ಲಿಸಿ. ಸೇವಂತಿಗೆ ಆ ಹೊತ್ತಿಗೆ ಸಿಗುವ ಹೂ, ಪ್ಲಾಸ್ಟಿಕ್ ಹಾರ ಬೇಡ.

ಈ ನೆಪದಲ್ಲಿ ಗೊರೂರು ಬಳಿಯ ಶೆಟ್ಟಿಹಳ್ಳಿಯ ಪಾಳು ಚರ್ಚಿಗೆ ‘ಹ್ಯಾಲೋವೀನ್ ಪ್ರವಾಸ’ ಹೋಗೋಣವೆಂದು ಪ್ರೌಢಶಾಲೆಯ ಮಕ್ಕಳು ಕೇಳುತ್ತಾರೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಆ ದೇವಾಲಯ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿದೆ. ಒಳ್ಳೆಯ ಮಳೆಯಾದ ವರ್ಷ ಅಕ್ಟೋಬರ್, ನವೆಂಬರಿನಲ್ಲಿ ಅದು ಅರ್ಧ ನೀರಿನಲ್ಲೇ ಇರುತ್ತದೆ, ದಡ ಕೆಸರು, ಗೋಡೆ ಶಿಥಿಲ. ಹೋಗುವುದಾದರೆ ನೀರು ಇಳಿದ ಬೇಸಿಗೆಯಲ್ಲಿ ಹೋಗಿ, ಗೋಡೆ ಹತ್ತದಂತೆ ನೋಡಿಕೊಳ್ಳಿ.